ಹೊಸ್ತಿಲಾಚೆಯ ಶುಚಿತ್ವ

ಹಲವು ವರ್ಷಗಳ ಹಿಂದೆ ನಾನು ಮನೆ ಕಟ್ಟಿಸುತ್ತಿದ್ದಾಗ ಮೇಸ್ತ್ರಿ ಬಂದು ಕೇಳಿದರು: “ಸಾಯ್ಬ್ರೇ, ಕಕ್ಕಸು ಟ್ಯಾಂಕಿನಿಂದ ಹೊರಗೆ ಬರುವ ನೀರನ್ನು ಎಲ್ಲಿಗೆ ಬಿಡುವುದು? ಇಂಗುಗುಂಡಿ ತೋಡುವುದಾದರೆ ಖರ್ಚು ಉಂಟು, ಜಾಗವೂ ಹೋಗ್ತದೆ. ಪೈಪನ್ನು ಹಿಂದಿನ ಕಣಿಗೆ ತಿರುಗಿಸಿದರೆ ಮತ್ತೆ ತಲೆಬಿಸಿ ಇಲ್ಲ.”

“ಹಾಗೆಯೇ ಮಾಡಿ” ಎಂದೆ. ಅಷ್ಟರಲ್ಲಿ ಅಸರ್‌ನ ಬಾಂಗ್ ಕೇಳಿಸಿತು. ಕೆಲಸದ ಜಾಗದಲ್ಲಿ ಬಟ್ಟೆಗೆ ಏನಾದರೂ ಹೊಲಸು ತಗಲಿರಬಹುದೇ ಎಂಬ ಸಂಶಯದಿಂದ ಮುಂಡಿನ ಅಂಚನ್ನು ಎರಡೆರಡು ಬಾರಿ ತೊಳೆದು ಮಸೀದಿಗೆ ಹೋದೆ. ಪೈಪಿನ ಬಗ್ಗೆ ಮಾತ್ರ ಮತ್ತೊಮ್ಮೆ ಯೋಚಿಸಲಿಲ್ಲ.

ಎರಡು ಮಳೆಗಾಲ ಕಳೆಯಿತು. ನಮ್ಮ ಕೆಳಗಿನ ಹಿತ್ತಲಿನ ವೃದ್ಧೆಯೊಬ್ಬರು ಕೊಡಪಾನ ಹಿಡಿದುಕೊಂಡು ಬಂದರು. “ಬಾವಿ ನೀರು ವಾಸನೆ ಬರ್ತದೆ ಸಾಯ್ಬ್ರೇ. ಕುಡಿಯಲಿಕ್ಕೆ ಎರಡು ಕೊಡ ಕೊಂಡು ಹೋಗ್ಲಾ?” ಎಂದು ಸಂಕೋಚದಿಂದ ಕೇಳಿದರು. “ಕೇಳುವುದೇನು ಅಕ್ಕಾ, ಬೇಕಾದಷ್ಟು ಕೊಂಡುಹೋಗಿ” ಎಂದಳು ನನ್ನ ಪತ್ನಿ. ನೀರು ಕೊಡುವುದು ಶ್ರೇಷ್ಠ ದಾನವೆಂದು ಕೇಳಿ ಬೆಳೆದವನು ನಾನು. ಆ ದಿನ ನನ್ನ ಮನಸ್ಸಿಗೆ ತುಸು ಸಂತೋಷವೂ ಆಯಿತು. ಸಂಜೆ ಹಿತ್ತಲಲ್ಲಿ ನಿಂತು ನೋಡಿದಾಗಲೇ ಕಣ್ಣು ತೆರೆದದ್ದು. ನಮ್ಮ ಪೈಪು ಬೀಳುವ ಕಣಿ ಇಳಿಜಾರಿನಲ್ಲಿ ಹರಿದು, ಆಕೆಯ ಬಾವಿಕಟ್ಟೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆಕೆ ದೂರು ಹೇಳಲು ಬಂದಿರಲಿಲ್ಲ. ನಾನು ಕೆಡಿಸಿದ್ದಿರಬಹುದಾದ ನೀರಿಗೆ ಬದಲಾಗಿ ನನ್ನಲ್ಲೇ ನೀರು ಬೇಡಲು ಬಂದಿದ್ದರು.

ನನ್ನ ಮನಸ್ಸು ತಕ್ಷಣ ಒಂದು ನೆಪವನ್ನೂ ಹುಡುಕಿಕೊಂಡಿತು. ಆ ಕಣಿಗೆ ಬಿದ್ದಿದ್ದ ಪೈಪು ನನ್ನದೊಂದೇ ಅಲ್ಲ, ಇನ್ನೂ ನಾಲ್ಕು ಮನೆಗಳದ್ದಿತ್ತು. ಆಕೆಯ ಬಾವಿಯನ್ನು ಕೆಡಿಸಿದ್ದು ನನ್ನ ಮನೆಯ ನೀರೇ ಎಂದು ಯಾರು ಹೇಳಬಲ್ಲರು? ಐದು ಮನೆಯವರೂ ಹೀಗೆಯೇ ಕೇಳಬಹುದು. ಐವರ ಪ್ರಶ್ನೆಯೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬಾವಿ ಕೆಟ್ಟಿರುವುದು ಸುಳ್ಳಲ್ಲ. ಹಾಗಾದರೆ ನಮ್ಮ ಮನೆಯಿಂದ ಹೊರಬಿದ್ದ ಹೊಲಸು ಯಾವ ಕ್ಷಣದಲ್ಲಿ ನಮ್ಮದಾಗಿರುವುದು ನಿಲ್ಲುತ್ತದೆ? ಪೈಪಿನ ತುದಿಯಲ್ಲೇ? ಹಿತ್ತಲಿನ ಬೇಲಿಯಲ್ಲೇ? ಅಥವಾ ಅದು ಕಣ್ಣಿಗೆ ಮರೆಯಾದಾಗಲೇ?

ಮಣ್ಣಿನ ಕೆಲಸ

ಈ ಪ್ರಶ್ನೆಗೆ ಉತ್ತರಿಸುವ ಮೊದಲು ಟ್ಯಾಂಕು ಏನು ಮಾಡುತ್ತದೆಂದು ತಿಳಿದಿರಬೇಕು. ಸೆಪ್ಟಿಕ್ ಟ್ಯಾಂಕು ಹೊಲಸನ್ನು ಶುದ್ಧಗೊಳಿಸುತ್ತದೆಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದಾರೆ. ವಾಸ್ತವದಲ್ಲಿ ಅದು ಮಾಡುವುದು ಅರ್ಧ ಕೆಲಸ ಮಾತ್ರ. ನೀರು ಅದರಲ್ಲಿ ಒಂದೆರಡು ದಿನ ನಿಲ್ಲುತ್ತದೆ. ಭಾರವಾದದ್ದು ತಳಕ್ಕೆ ಇಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ಗಾಳಿಯಿಲ್ಲದೆಯೂ ಬದುಕಬಲ್ಲ ಸೂಕ್ಷ್ಮಾಣುಗಳು ಕೆಸರನ್ನು ನಿಧಾನವಾಗಿ ಕರಗಿಸುತ್ತವೆ. ನಡುವಿನ ನೀರು ಹೊರಗೆ ಹರಿಯುತ್ತದೆ. ನೋಡಲು ಅದು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳು ಧಾರಾಳವಾಗಿರುತ್ತವೆ.

ಉಳಿದ ಅರ್ಧ ಕೆಲಸವನ್ನು ಮಾಡುವುದು ಮಣ್ಣು. ಇಂಗುಗುಂಡಿಯಿಂದ ನೀರು ಒಣಮಣ್ಣಿನ ಪದರಗಳ ಮೂಲಕ ಮೆಲ್ಲನೆ ಇಳಿಯುವಾಗ ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ, ಕಾಲಕ್ರಮದಲ್ಲಿ ಸಾಯುತ್ತವೆ. ಇದಕ್ಕೆ ದೂರವೂ ಬೇಕು, ಸಮಯವೂ ಬೇಕು. ಆದ್ದರಿಂದಲೇ ಇಂಗುವ ವ್ಯವಸ್ಥೆಗೂ ಕುಡಿಯುವ ನೀರಿನ ಬಾವಿಗೂ ಸುಮಾರು 18 ಮೀಟರ್ ಅಂತರವಿರಬೇಕೆಂದು ನಮ್ಮ ದೇಶದ ನಿರ್ಮಾಣ ಮಾನದಂಡ ಹೇಳುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಂಧ್ರಗಳೂ ಬಿರುಕುಗಳೂ ಬಹಳ. ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೆ ಬರುತ್ತದೆ. ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪೈಪನ್ನು ನೇರವಾಗಿ ಕಣಿಗೆ ಬಿಟ್ಟವನು ಮಣ್ಣಿನ ಈ ಕೆಲಸವನ್ನೇ ತಪ್ಪಿಸಿ, ಅರ್ಧ ಉಳಿದ ಹೊರೆಯನ್ನು ನೆರೆಮನೆಯ ಬಾವಿಯ ಮೇಲೆ ಹೇರಿದಂತಾಗುತ್ತದೆ.

“ನಮ್ಮ ಟ್ಯಾಂಕು ಇಪ್ಪತ್ತು ವರ್ಷಗಳಾದರೂ ತುಂಬಿಲ್ಲ” ಎಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಯಬೇಕಾದ ಟ್ಯಾಂಕು ಇಪ್ಪತ್ತು ವರ್ಷ ತುಂಬುವುದಿಲ್ಲವೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಅದರ ಅರ್ಥವೇನು? ಒಂದೋ ತಳ ಸೋರುತ್ತಿದೆ, ಇಲ್ಲವೇ ಕೆಸರೇ ನೀರಿನೊಂದಿಗೆ ಹೊರಗೆ ಹೋಗುತ್ತಿದೆ. ನಾವು ಬರ್ಕತ್ ಎಂದುಕೊಂಡದ್ದು ಇನ್ನೊಬ್ಬರ ಪಾಲಿನ ಬೇನೆಯಾಗಿರಬಹುದು.

ತಿಳಿಯದ ತಪ್ಪು, ತಿಳಿದ ತಪ್ಪು

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹರಡಿ 600ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಒಂದೇ ಬಾವಿಯ ಪಂಪಿನ ನೀರು ಕುಡಿದವರೆಂದು ವೈದ್ಯ ಜಾನ್ ಸ್ನೋ ಕಂಡುಹಿಡಿದರು. ಆ ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು. ಆ ಬಳಿಕ ನಡೆದ ವಿಚಾರಣೆಯಲ್ಲಿ ಮೂಲ ಗೊತ್ತಾಯಿತು. ಪಂಪಿನ ಪಕ್ಕದ ಮನೆಯಲ್ಲಿ ಒಂದು ಹಸುಳೆಗೆ ಭೇದಿಯಾಗಿತ್ತು. ತಾಯಿ ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮಲಗುಂಡಿಗೆ ಚೆಲ್ಲಿದ್ದಳು. ಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದವು. ಅಲ್ಲಿಂದ ಬಾವಿಗೆ ಇದ್ದ ಅಂತರ ಮೂರಡಿಯಷ್ಟು ಮಾತ್ರ.

ಆ ತಾಯಿಯನ್ನು ಯಾರು ತಾನೇ ದೂಷಿಸುತ್ತಾರೆ? ಸಾಯುತ್ತಿದ್ದ ಕಂದನ ಬಟ್ಟೆ ತೊಳೆದಳು. ರೋಗ ನೀರಿನ ಮೂಲಕ ಹರಡುತ್ತದೆಂದು ಆ ಕಾಲದ ದೊಡ್ಡ ವೈದ್ಯರೇ ಒಪ್ಪಿರಲಿಲ್ಲ. ಆಕೆಗೆ ಅರಿವಿರಲಿಲ್ಲ. ಆದರೆ ನನಗೆ ಅರಿವಿತ್ತು. ಮೇಸ್ತ್ರಿ ಎರಡು ದಾರಿಗಳನ್ನು ಮುಂದಿಟ್ಟಿದ್ದರು, ನಾನು ಅಗ್ಗದ್ದನ್ನು ಆರಿಸಿಕೊಂಡೆ. ಅರಿವು ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. ಒಂದೂವರೆ ಶತಮಾನದ ವಿಜ್ಞಾನವನ್ನು ಓದಿಯೂ ಮೂರಡಿ ಅಂತರದ ಮನೋಭಾವದಲ್ಲೇ ಬದುಕುವವನಿಗೆ ಆ ತಾಯಿಗಿದ್ದ ರಿಯಾಯಿತಿ ಇಲ್ಲ.

ಇಸ್ಲಾಮಿನ ಧರ್ಮಶಾಸ್ತ್ರಕ್ಕೂ ಈ ವಿಷಯ ಹೊಸದಲ್ಲ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು, ಜನರು ನಡೆಯುವ ದಾರಿಯಲ್ಲಿ, ದಣಿದವರು ಕೂರುವ ನೆರಳಿನಲ್ಲಿ ಮತ್ತು ನೀರಿನ ತಾಣಗಳಲ್ಲಿ ಮಲವಿಸರ್ಜನೆ ಮಾಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಾಗೆ ಮಾಡಿದವನ ದೇಹಕ್ಕಾಗಲಿ ಬಟ್ಟೆಗಾಗಲಿ ಅದರಿಂದ ಹೊಲಸು ತಗಲದೇ ಇರಬಹುದು. ಅವನು ತನ್ನನ್ನು ಚೆನ್ನಾಗಿ ಶುಚಿಗೊಳಿಸಿಕೊಂಡು ನಮಾಝ್‌ಗೂ ನಿಲ್ಲಬಹುದು. ಆದರೂ ಅದು ನಿಷಿದ್ಧ. ಅಂದರೆ ಶುಚಿತ್ವದ ಪ್ರಶ್ನೆ ನನ್ನ ಚರ್ಮದ ಗಡಿಯಲ್ಲಿ ಮುಗಿಯುವುದಿಲ್ಲ, ನನ್ನ ನಂತರ ಆ ದಾರಿಯಲ್ಲಿ ಬರುವವನ ತನಕ ಅದು ಸಾಗುತ್ತದೆ.

ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಇಸ್ಲಾಮೀ ಕರ್ಮಶಾಸ್ತ್ರದ ಆಧಾರದಲ್ಲಿ ‘ಮಜಲ್ಲ’ ಎಂಬ ನಾಗರಿಕ ಕಾನೂನು ಸಂಹಿತೆಯನ್ನು ರಚಿಸಲಾಯಿತು. ಅದರ 1212ನೆಯ ವಿಧಿ ನನ್ನ ಪೈಪಿನ ಬಗ್ಗೆಯೇ ಬರೆದಂತಿದೆ. ಒಬ್ಬನ ಬಾವಿಯ ಬಳಿ ಇನ್ನೊಬ್ಬ ಮಲಗುಂಡಿ ಅಥವಾ ಹೊಲಸಿನ ಕಾಲುವೆ ಮಾಡಿ ನೀರು ಕೆಟ್ಟರೆ ಆ ಹಾನಿಯನ್ನು ನಿವಾರಿಸಲೇಬೇಕು. ಯಾವ ರೀತಿಯಲ್ಲೂ ನಿವಾರಿಸಲಾಗದಿದ್ದರೆ ಗುಂಡಿಯನ್ನೇ ಮುಚ್ಚಿಸಬೇಕು. ಗುಂಡಿ ಇರುವುದು ನನ್ನ ಸ್ವಂತ ಜಾಗದಲ್ಲಿ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಐದು ಮನೆಗಳ ನೆಪಕ್ಕೂ ಉತ್ತರವಿದೆ. ಪ್ರವಾದಿವರ್ಯರು(ಸ) ನೀಡಿದ ಹಡಗಿನ ಉದಾಹರಣೆ ಓದುಗರಿಗೆ ತಿಳಿದದ್ದೇ. ಕೆಳ ಅಂತಸ್ತಿನವರು ನೀರಿಗಾಗಿ ಪ್ರತಿಸಲವೂ ಮೇಲಿನವರ ಬಳಿ ಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನ ತಳದಲ್ಲೇ ತೂತು ಕೊರೆಯಲು ಹೊರಟರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಜಾಗವೂ ಅವರದೇ. ಆದರೆ ತಡೆಯುವವರಿಲ್ಲದಿದ್ದರೆ ಮುಳುಗುವುದು ಇಡೀ ಹಡಗು. ಒಂದೇ ನೆಲದಡಿಯ ನೀರನ್ನು ಕುಡಿಯುವ ನಾವೂ ಒಂದೇ ಹಡಗಿನವರು. ಹಾನಿಯಲ್ಲಿ ನನ್ನ ಪಾಲೆಷ್ಟು ಎಂದು ಅಳೆಯಲು ಸಾಧ್ಯವಾಗದಿರುವುದು ನನ್ನನ್ನು ನಿರ್ದೋಷಿಯನ್ನಾಗಿ ಮಾಡುವುದಿಲ್ಲ.

ಗುಂಡಿಗೆ ಇಳಿಯುವವನು

ನಮ್ಮ ಹೊಲಸಿನ ಭಾರವನ್ನು ಹೊರುವ ಇನ್ನೊಬ್ಬನಿದ್ದಾನೆ. ತುಂಬಿದ ಟ್ಯಾಂಕನ್ನು ಖಾಲಿ ಮಾಡುವವನು. ಟ್ಯಾಂಕಿನಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿಕೊಳ್ಳುತ್ತವೆ. ಇಳಿದವನು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಕೂಡ ಸಾಯುತ್ತಾನೆ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮುಂದಾದರು. ಕೇಂದ್ರ ಸರಕಾರ 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ಮಾಡಿತು. ಮನುಷ್ಯನನ್ನು ರಕ್ಷಣೆಯಿಲ್ಲದೆ ಟ್ಯಾಂಕಿಗೆ ಇಳಿಸುವುದು ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ಯಂತ್ರದ ಗಾಡಿಗೆ ಬೇಕಾದ ಹಣ ಉಳಿಸಲು ಬಡವನೊಬ್ಬನ ಕೈಗೆ ಬಕೆಟ್ ಕೊಟ್ಟು ಟ್ಯಾಂಕಿಗೆ ಇಳಿಸುವವನು, ಅದೇ ದಿನ ವುಝೂವಿನಲ್ಲಿ ಮೊಣಕೈ ಒಣಗಿ ಉಳಿಯಿತೇ ಎಂದು ಚಿಂತಿಸಿದರೆ ಆ ಚಿಂತೆಗೆ ಎಷ್ಟು ಬೆಲೆ? ಹೊಲಸು ಅವನಿಂದ ದೂರವಾಗಿಲ್ಲ, ಇನ್ನೊಬ್ಬ ಮನುಷ್ಯನ ಮೈಗೆ ವರ್ಗಾವಣೆಯಾಗಿದೆ, ಅಷ್ಟೆ.

ಕಸದ ಕಥೆಯೂ ಇದೇ. ಮಂಗಳೂರಿನ ಮನೆಮನೆಗಳಿಂದ ಹೊರಟ ಕಸ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಗುಡ್ಡವಾಗಿ ಬೆಳೆಯಿತು. 2019ರ ಆಗಸ್ಟ್‌ನ ಮಳೆಗೆ ಆ ಗುಡ್ಡ ಜರಿದು ಕೆಳಗಿನ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿಹಾಕಿತು. ಗೇಟಿನ ಹೊರಗಿಟ್ಟ ಕೂಡಲೇ ಕಸ ಇಲ್ಲವಾಯಿತೆಂದು ನಾವು ತಿಳಿದಿದ್ದೆವು. ಅದು ಇನ್ನೊಬ್ಬರ ಅಂಗಳದಲ್ಲಿ ನಮಗಾಗಿ ಕಾಯುತ್ತಿತ್ತು.

ಹೊಲಸು ಹೊಲಸಾಗಿಯೇ ಉಳಿಯಬೇಕಿಲ್ಲ

ಹಾಗೆಂದು ನಿರಾಶರಾಗಬೇಕಿಲ್ಲ. ಅಲ್ಲಾಹನು ಈ ಮಣ್ಣಿನಲ್ಲಿ ಅದ್ಭುತ ಗುಣವೊಂದನ್ನು ಇರಿಸಿದ್ದಾನೆ. ಎರಡು ಗುಂಡಿಗಳ ಶೌಚಾಲಯದಲ್ಲಿ ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ಮುಚ್ಚಿದ ಗುಂಡಿಯನ್ನು ಎರಡು ವರ್ಷಗಳ ಬಳಿಕ ತೆರೆದರೆ ಅಲ್ಲಿರುವುದು ವಾಸನೆಯಿಲ್ಲದ ಕಪ್ಪು ಮಣ್ಣು, ಗಿಡಕ್ಕೆ ಒಳ್ಳೆಯ ಗೊಬ್ಬರ. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕದಲ್ಲಿ, ಮನೆಗಳ ಗುಂಡಿಯಿಂದ ಗಾಡಿಯಲ್ಲಿ ತಂದ ಕೆಸರನ್ನು ಸಂಸ್ಕರಿಸಿ ಒಣಗಿಸಿ ಗೊಬ್ಬರ ಮಾಡುವ ವ್ಯವಸ್ಥೆ ಮಾಡಲಾಯಿತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬರಪೀಡಿತ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅದರ ಸಂಸ್ಕರಣೆ ಸಾಕೇ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಏರಿತು. ಅಂತಹ ಪ್ರಶ್ನೆ ಏಳಬೇಕಾದದ್ದೇ. ಸಂಸ್ಕರಣೆಯ ಹೆಸರಿನಲ್ಲಿ ಅರ್ಧ ಕೆಲಸ ಮಾಡಿದರೆ ಅದೂ ನನ್ನ ಪೈಪಿನಂತೆಯೇ.

ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲಿ ಈ ಬಗ್ಗೆ ಚರ್ಚಿಸಿ ಫತ್ವಾ ನೀಡಿತು. ಕೊಳಚೆ ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಹೊಲಸಿನ ಕುರುಹೇ ಉಳಿಯದಂತೆ ಪೂರ್ಣವಾಗಿ ಸಂಸ್ಕರಿಸಿದರೆ, ಆರೋಗ್ಯಕ್ಕೆ ಹಾನಿಯಿಲ್ಲದಿದ್ದರೆ, ಅದು ಶುದ್ಧ ನೀರೇ, ಅದರಿಂದ ವುಝೂ ಕೂಡ ಮಾಡಬಹುದು ಎಂಬುದು ಅದರ ಸಾರ. ಕುಡಿಯುವುದರಿಂದ ದೂರವಿರುವುದು ಲೇಸೆಂದು ಆರೋಗ್ಯದ ದೃಷ್ಟಿಯಿಂದ ಎಚ್ಚರಿಸಿತು. ಈ ತೀರ್ಪಿನಲ್ಲಿ ನನಗೆ ಒಂದು ಪಾಠ ಕಾಣುತ್ತದೆ. ಹೊಲಸು ಎಂಬುದು ಶಾಶ್ವತ ಶಾಪವಲ್ಲ. ಅದರಿಂದ ಮುಖ ತಿರುಗಿಸುವವನು ಅದನ್ನು ಹರಡುತ್ತಾನೆ, ಅದರ ಹೊಣೆ ಹೊತ್ತವನು ಅದನ್ನು ಶುದ್ಧವಾಗಿಸುತ್ತಾನೆ.

ಮೂರು ಸೆಂಟ್ಸ್ ಜಾಗದಲ್ಲಿ ಬದುಕುವ ಬಡವನು ಇಂಗುಗುಂಡಿ ಎಲ್ಲಿ ತೋಡಬೇಕು ಎಂದು ಕೇಳಿದರೆ ಅವನ ಪ್ರಶ್ನೆ ನ್ಯಾಯವಾದುದು. ಅಲ್ಲಿ ಊರವರೂ ಪಂಚಾಯತಿಯೂ ಸೇರಿ ಸಾಮೂಹಿಕ ವ್ಯವಸ್ಥೆ ಮಾಡಬೇಕು. ಆದರೆ ನನ್ನ ಅಂಗಳದಲ್ಲಿ ಜಾಗವಿತ್ತು. ಅಲ್ಲಿ ಕಾರು ನಿಲ್ಲಿಸಲು ಸಿಮೆಂಟ್ ಹಾಕಿಸಿದ್ದೆ.

ಆ ಬೇಸಗೆಯಲ್ಲಿ ಸಿಮೆಂಟ್ ಒಡೆಸಿ, ಬಾವಿಗಳಿಂದ ದೂರವಿರುವ ಮೂಲೆಯಲ್ಲಿ ಇಂಗುಗುಂಡಿ ತೋಡಿಸಿದೆ. ಸ್ನಾನದ ನೀರನ್ನೂ ವುಝೂವಿನ ನೀರನ್ನೂ ಬೇರೆ ಮಾಡಿ ತೆಂಗಿನ ಬುಡಕ್ಕೆ ಬಿಟ್ಟೆ. ಕಣಿಯ ಪೈಪಿನ ಬಾಯಿ ಮುಚ್ಚಿಸಿದೆ. ಉಳಿದ ನಾಲ್ಕು ಮನೆಗಳಿಗೂ ಹೋದೆ. ಇಬ್ಬರು ಒಪ್ಪಿದರು, ಇಬ್ಬರು ನಕ್ಕರು. ಕೆಳಮನೆಯ ಅಕ್ಕನ ಬಳಿ ಹೋಗಿ ನಡೆದದ್ದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಿ ಸಾಯ್ಬ್ರೇ, ನೀವು ಬಂದು ಹೇಳಿದಿರಲ್ಲ” ಎಂದರು. ಆ ಬಾವಿಯನ್ನು ಬರಿದು ಮಾಡಿಸಿ ತೊಳೆಸಿದೆವು. ಮುಂದಿನ ಎರಡು ವರ್ಷ ಆಕೆ ಕುಡಿಯುವ ನೀರನ್ನು ನಮ್ಮ ಮನೆಯಿಂದಲೇ ಕೊಂಡುಹೋದರು. ಈ ಸಲ ಅದನ್ನು ದಾನವೆಂದು ಎಣಿಸುವ ಧೈರ್ಯ ನನಗಿರಲಿಲ್ಲ. ಅದು ಸಾಲದ ಮರುಪಾವತಿ.

ಪೈಪು ಕಣ್ಣಿಗೆ ಮರೆಯಾಗಿದ್ದುದು ನನಗೆ, ನೆರೆಯವರಿಗೆ, ಅಧಿಕಾರಿಗಳಿಗೆ. ಅಲ್ಲಾಹನಿಗೆ ಮರೆಯಾದ ಪೈಪು ಈ ಭೂಮಿಯಲ್ಲಿಲ್ಲ. ಮೇಸ್ತ್ರಿ ಅಂದು ಕೇಳಿದ ಪ್ರಶ್ನೆಯನ್ನು ನಾಳೆ ಅವನು ಕೇಳುವ ಮೊದಲು ನಾವೇ ಕೇಳಿಕೊಳ್ಳೋಣ: ನಮ್ಮ ಮನೆಯ ನೀರು ಎಲ್ಲಿಗೆ ಹೋಗುತ್ತಿದೆ?