ಒಲ್ಲೆ ಎನ್ನುವ ಬಾಯಿ

ಅಕ್ಕನ ಮಗಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಸ್ಪಷ್ಟವಾಗಿ ಬರುವ ಮಾತುಗಳು ನಲವತ್ತೋ ಐವತ್ತೋ ಇರಬಹುದು. ಅವುಗಳಲ್ಲಿ ಅವಳು ಎಲ್ಲಕ್ಕಿಂತ ಖಚಿತವಾಗಿ ಬಳಸುವ ಮಾತು ‘ಒಲ್ಲೆ’. ಹಲ್ಲು ತಿಕ್ಕುವ ಬ್ರಶ್ ಕಂಡ ಕೂಡಲೇ ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ತಲೆಯನ್ನು ಗೋಡೆಯ ಕಡೆ ತಿರುಗಿಸಿ ‘ಒಲ್ಲೆ’ ಅಂತಾಳೆ. ಬಾಯಿ ತೆರೆಯದೆ ಮಾತಾಡುವುದು ಹೇಗೆ ಎಂಬುದನ್ನು ಅವಳಿಂದ ಕಲಿಯಬೇಕು.

ನಮ್ಮ ಧಾರವಾಡದ ಕಡೆ ‘ಬೇಡ’ಕ್ಕಿಂತ ‘ಒಲ್ಲೆ’ಯ ಬಳಕೆಯೇ ಹೆಚ್ಚು. ‘ಬೇಡ’ ಎಂಬುದರಲ್ಲಿ ಯಾರಿಗೆ ಬೇಡ ಎಂಬುದು ಇರುವುದಿಲ್ಲ. ‘ಒಲ್ಲೆ’ಯಲ್ಲಿ ‘ನಾನು’ ಒಳಗೇ ಸೇರಿಕೊಂಡಿದೆ. ‘ನಾನು’ ಎಂದು ಹೇಳಲು ಇನ್ನೂ ಬಾರದ ಮಗು ಅದನ್ನು ಒಂದು ಕ್ರಿಯಾಪದದ ಬಾಲದಲ್ಲಿ ಕಟ್ಟಿಕೊಂಡು ಮನೆತುಂಬ ತಿರುಗುತ್ತದೆ. ಇದನ್ನು ನೋಡಿ ನಾವೆಲ್ಲ ಖುಷಿಪಡುತ್ತೇವೆ, ಫೋನ್ ಮಾಡಿದವರಿಗೆಲ್ಲ ಹೇಳಿಕೊಳ್ಳುತ್ತೇವೆ. ಆಮೇಲೆ ದಿನಕ್ಕೆ ಎರಡು ಸಲ ಅದೇ ಮಾತನ್ನು ಅವಳ ಬಾಯಲ್ಲಿ ಬ್ರಶ್ ತೂರಿಸಿ ಅಳಿಸುತ್ತೇವೆ.

ಪ್ರಬಂಧದ ಕೊನೆಯ ಅಧ್ಯಾಯಗಳನ್ನು ಅಕ್ಕನ ಮನೆಯಲ್ಲಿದ್ದುಕೊಂಡೇ ಬರೆಯುತ್ತಿದ್ದೇನೆ. ಅಕ್ಕ, ಭಾವ ಇಬ್ಬರೂ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುವುದರಿಂದ ಬೆಳಗಿನ ಬ್ರಶ್ ನನ್ನ ಪಾಲಿಗೆ ಬಂದಿದೆ, ರಾತ್ರಿಯದು ಅಕ್ಕನ ಪಾಲು. ಓದುವುದು ತತ್ವಶಾಸ್ತ್ರ ಎಂದ ಮೇಲೆ ‘ಒಪ್ಪಿಗೆ’, ‘ಸ್ವಾಯತ್ತತೆ’ ಎಂಬ ಪದಗಳನ್ನು ನಾನು ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತೇನೆ. ಬಚ್ಚಲಮನೆಯಲ್ಲಿ ಅವು ಯಾವುವೂ ಕೆಲಸಕ್ಕೆ ಬರಲಿಲ್ಲ.

‘ಒಂದು ದಿನ ತಿಕ್ಕದಿದ್ದರೆ ಏನಾಗುತ್ತದೆ’ ಎಂದು ಯಾರಾದರೂ ಕೇಳಬಹುದು. ಅಜ್ಜಿ ಕೇಳಿಯೇ ಕೇಳುತ್ತಾಳೆ: “ಬಿಡವಾ, ಹಾಲಹಲ್ಲು ಹೆಂಗಿದ್ರೂ ಬೀಳ್ತಾವ.” ಬೀಳುತ್ತವೆ, ನಿಜ. ಆದರೆ ಕಡೆಯ ದವಡೆಯ ಹಾಲುಹಲ್ಲು ಬೀಳುವುದು ಹತ್ತು-ಹನ್ನೆರಡನೆಯ ವಯಸ್ಸಿಗೆ. ಅಲ್ಲಿಯವರೆಗೆ ಅದು ಅಗಿಯಬೇಕು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಕಾಯಬೇಕು. ಹಾಲುಹಲ್ಲಿನ ಎನಾಮಲ್ ತೆಳು, ಹಾಗಾಗಿ ಹುಳುಕು ಬೇಗ ಒಳಗಿಳಿಯುತ್ತದೆ. ಇದನ್ನು ನಾವು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ಇವಳ ಅಣ್ಣನಿಗೆ ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುವ ಅಭ್ಯಾಸವಿತ್ತು. ನಾಲ್ಕನೆಯ ವಯಸ್ಸಿಗೆ ಮೇಲಿನ ಮುಂದಿನ ನಾಲ್ಕೂ ಹಲ್ಲು ಕಂದು ಬಣ್ಣದ ಮೊಳಕೆಗಳಾಗಿ, ಒಸಡಿನಲ್ಲಿ ಕೀವು ತುಂಬಿ, ಪೂರ್ತಿ ಅರಿವಳಿಕೆ ಕೊಟ್ಟು ಅವನ್ನು ತೆಗೆಯಬೇಕಾಯಿತು. ಅವನಿಗೀಗ ಏಳು. ಹೊಸ ಹಲ್ಲು ಬರುತ್ತಿವೆ. ಆ ದಿನದ ಬಗ್ಗೆ ಕೇಳಿದರೆ ಮುಖಕ್ಕೆ ಹಿಡಿದ ಮಾಸ್ಕಿನ ವಾಸನೆ ಒಂದನ್ನೇ ಹೇಳುತ್ತಾನೆ. ಅಕ್ಕ ಆ ದಿನದ ಬಗ್ಗೆ ಮಾತೇ ಆಡುವುದಿಲ್ಲ. ಆದ್ದರಿಂದ ಅವಳು ರಾತ್ರಿ ಮಗಳ ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಒತ್ತಿಹಿಡಿದು ಹಲ್ಲು ತಿಕ್ಕುವಾಗ ಅವಳಿಗೆ ಏನಾದರೂ ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಹಿಡಿದದ್ದು ಬೇರೆ ದಾರಿ. ಒತ್ತಾಯಕ್ಕಿಂತ ಉಪಾಯ ಮೇಲು ಎಂದುಕೊಂಡೆ. “ಹಲ್ಲಿನ್ಯಾಗ ಹುಳ ಅದಾವ, ಓಡಿಸೋಣು ಬಾ” ಅಂದೆ. ತಕ್ಷಣ ಬಾಯಿ ತೆರೆದಳು. ಅರ್ಧ ನಿಮಿಷ ಅಲುಗಾಡದೆ ನಿಂತಳು. ಅವತ್ತು ನಾನು ಗೆದ್ದವಳ ಹಾಗೆ ಓಡಾಡಿದೆ.

ಮೂರನೆಯ ರಾತ್ರಿ ಅವಳು ನಿದ್ದೆಯಿಂದೆದ್ದು, ಬಾಯೊಳಗೆ ಬೆರಳಿಟ್ಟುಕೊಂಡು “ಹುಳ, ಹುಳ” ಎಂದು ಅತ್ತಳು. ಅಕ್ಕ ಟಾರ್ಚ್ ಹಾಕಿ ನೋಡಿದಳು. ಏನೂ ಇರಲಿಲ್ಲ. ಏನೂ ಇಲ್ಲ ಎಂದು ಆ ವಯಸ್ಸಿನ ಮಗುವಿಗೆ ಹೇಳಿ ನಂಬಿಸುವುದು ಎಷ್ಟು ಕಷ್ಟ ಎಂಬುದು, ಇದೆ ಎಂದು ನಂಬಿಸಿದ್ದ ನನಗೆ ಅವತ್ತು ಗೊತ್ತಾಯಿತು.

ಆ ಸುಳ್ಳನ್ನು ಹುಟ್ಟಿಸಿದವಳು ನಾನಲ್ಲ ಎಂಬುದು ನನ್ನ ಒಂದೇ ಸಮಾಧಾನ. ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೇ ಇದೆ. ಫ್ರಾನ್ಸಿನ ಪಿಯೆರ್ ಫೋಶಾರ್ 1728ರ ತನ್ನ ದಂತವೈದ್ಯದ ಗ್ರಂಥದಲ್ಲಿ ಅದನ್ನು ಅಲ್ಲಗಳೆದ. ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುಳಿಯಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂಬ ವಿವರಣೆಯನ್ನು ಡಬ್ಲ್ಯೂ. ಡಿ. ಮಿಲ್ಲರ್ 1890ರ ಹೊತ್ತಿಗೆ ಕೊಟ್ಟಿದ್ದ. ಆದರೂ ನಾವು ‘ಹುಳುಕುಹಲ್ಲು’ ಎಂದೇ ಅನ್ನುತ್ತೇವೆ. ಬಳಸಿ ಬಳಸಿ ನಮ್ಮ ಕಿವಿಗೆ ಆ ಹುಳ ಕೇಳಿಸುವುದಿಲ್ಲ. ಭಾಷೆಗೆ ಹೊಸದಾಗಿ ಬಂದ ಮಗುವಿಗೆ ಅದು ಜೀವಂತವಾಗಿ ಹರಿದಾಡುತ್ತಿರುತ್ತದೆ.

ಆಮೇಲೆ ಫೋನ್ ಪ್ರಯತ್ನಿಸಿದೆವು. ಆನೆಯ ಹಾಡು ಹಾಕಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಒಳಗೆ ಏನು ಹಾಕಿ ತಿಕ್ಕಿದರೂ ಅವಳಿಗೆ ಗೊತ್ತಾಗುವುದಿಲ್ಲ. ಅಳು ಇಲ್ಲ, ಸುಳ್ಳೂ ಇಲ್ಲ. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಇರುಸುಮುರುಸಾದದ್ದು ಇದೇ. ಅದು ಒಪ್ಪಿಗೆಯಾಗಿರಲಿಲ್ಲ, ಗೈರುಹಾಜರಿಯಾಗಿತ್ತು. ಒಲ್ಲೆ ಅನ್ನುವವಳು ಅಲ್ಲಿ ಇರಲೇ ಇಲ್ಲ. ಚಂದ್ರನನ್ನು ತೋರಿಸಿ ತುತ್ತು ತಿನ್ನಿಸುವುದು ಮಾತ್ರ ಏನು ಬೇರೆ ಎಂದು ಭಾವ ಕೇಳಿದರು. ಉತ್ತರ ಹೊಳೆಯಲು ಎರಡು ದಿನ ಬೇಕಾಯಿತು: ಚಂದ್ರನನ್ನು ತೋರಿಸುವವರೂ ಮಗುವಿನ ಜೊತೆ ಅದನ್ನು ನೋಡುತ್ತಿರುತ್ತಾರೆ. (ಅಷ್ಟರಲ್ಲಿ ಭಾವನಿಗೆ ಪ್ರಶ್ನೆಯೇ ಮರೆತುಹೋಗಿತ್ತು.)

ಮಿಲ್‌ನ ‘ಆನ್ ಲಿಬರ್ಟಿ’ 1859ರದು. ಒಬ್ಬನ ಒಳಿತಿಗಾಗಿಯೇ ಆದರೂ ಅವನನ್ನು ಬಲವಂತ ಮಾಡಬಾರದು ಎಂದು ವಾದಿಸುವ ಆ ಪುಸ್ತಕ, ಈ ಮಾತು ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದು ಶುರುವಿನಲ್ಲೇ ಹೇಳಿ ಮುಂದೆ ಹೋಗುತ್ತದೆ. ಮಕ್ಕಳ ಮನೆಯಲ್ಲಿ ಕೂತು ಓದಿದಾಗ ಆ ಅವಸರ ಎದ್ದು ಕಾಣುತ್ತದೆ. ಜೆರಾಲ್ಡ್ ಡ್ವಾರ್ಕಿನ್ 1972ರ ‘ಪೆಟರ್ನಲಿಸಂ’ ಲೇಖನದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ತಂದೆತಾಯಿಯ ಒತ್ತಾಯ ಒಂದು ಪಂದ್ಯ ಕಟ್ಟಿದ ಹಾಗೆ ಎಂಬುದು ಅವನ ವಾದ: ಮಗು ಬೆಳೆದ ಮೇಲೆ ಆ ನಿರ್ಬಂಧದಲ್ಲಿ ವಿವೇಕವಿತ್ತೆಂದು ತಾನೇ ಒಪ್ಪುತ್ತದೆ ಎಂಬ ಭರವಸೆಯ ಪಂದ್ಯ. ಸೆಮಿನಾರಿನಲ್ಲಿ ಇದನ್ನು ನಾನು ಮೆಚ್ಚಿ ಮಾತಾಡಿದ್ದೆ.

ಈಗ ಒಂದು ತೊಡಕು ಕಾಣುತ್ತಿದೆ. ಈ ಪಂದ್ಯದ ಹಣ ಯಾವತ್ತೂ ವಸೂಲಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮೊದಲ ನೆನಪು ಮೂರೋ ನಾಲ್ಕೋ ವಯಸ್ಸಿನದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಗಟ್ಟಿ ಹಲ್ಲುಗಳನ್ನಿಟ್ಟುಕೊಂಡು ನಗುವ ಆ ಹುಡುಗಿಗೆ ಈ ಬಚ್ಚಲು, ಈ ಅಳು, ತೊಡೆಯ ಕೆಳಗೆ ಸಿಕ್ಕ ಕೈಗಳು ಯಾವುದೂ ನೆನಪಿರುವುದಿಲ್ಲ. ಅವಳು ಧನ್ಯವಾದ ಹೇಳಿದರೂ ಕೇಳಿದ ಕಥೆಗೆ ಹೇಳಿದ ಹಾಗೆ. ಬೈದರೂ ಅಷ್ಟೇ. ‘ಹೆಂಗೂ ಮರೀತಾಳ’ ಎಂದು ನಾವು ಪರಸ್ಪರ ಹೇಳಿಕೊಳ್ಳುವುದು ಇದನ್ನೇ. ಆದರೆ ಮರೆಯುತ್ತಾಳೆ ಎಂಬುದು ಸಮರ್ಥನೆಯಾದರೆ ಅದರಡಿ ಏನನ್ನು ಬೇಕಾದರೂ ತೂರಿಸಬಹುದು. ಹುಳದ ಸುಳ್ಳನ್ನೂ, ಪೆಟ್ಟನ್ನೂ. ಮಾಡಿಸಿಕೊಂಡವಳು ಮರೆಯುವಾಗ ಆ ಕೆಲಸದ ಲೆಕ್ಕ ಇರುವುದು ಮಾಡಿದವರ ಹತ್ತಿರ ಮಾತ್ರ. ಅಕ್ಕ ಮಗನ ಬಗ್ಗೆ ಮಾತಾಡದಿರುವುದು ಈ ಕಾರಣಕ್ಕೇ ಇರಬೇಕು.

ಮತ್ತೆ, ಅವಳು ಪೂರ್ತಿ ಮರೆಯುತ್ತಾಳೆ ಎಂಬುದೂ ಸರಿಯಲ್ಲ. ಒಂದು ಮಧ್ಯಾಹ್ನ ನಾನು ಟೈಪ್ ಮಾಡುತ್ತಿದ್ದಾಗ ಹಿಂದಿನಿಂದ ಅವಳ ದನಿ ಕೇಳಿಸಿತು: “ಆತು, ಆತು, ಆತು.” ತಿರುಗಿ ನೋಡಿದರೆ ಬಟ್ಟೆಯ ಗೊಂಬೆಯನ್ನು ನೆಲಕ್ಕೆ ಕೆಡವಿ, ಅದರ ಕೈಗಳ ಮೇಲೆ ಮೊಣಕಾಲೂರಿ, ಚಮಚದ ಹಿಡಿಯಿಂದ ಮುಖ ಉಜ್ಜುತ್ತಿದ್ದಳು. ಆ ‘ಆತು, ಆತು’ ಅಕ್ಕನದೇ ದನಿ. ಮುಗಿಯದಿದ್ದಾಗ ನಾವು ಹೇಳುವ ಮಾತು ಅದು. ಹಲ್ಲು ತಿಕ್ಕುವುದನ್ನು ಕಲಿಸುತ್ತಿದ್ದೇವೆ ಎಂದುಕೊಂಡಿದ್ದೆವು. ಅವಳು ಕಲಿತದ್ದು ಹಿಡಿಯುವುದನ್ನು.

ಅವತ್ತು ರಾತ್ರಿ ಅಕ್ಕನಿಗೆ ಗೊಂಬೆಯ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಪಾತ್ರೆ ತೊಳೆದಳು. “ಹಂಗಾರ ತಿಕ್ಕೂದ ಬಿಡೋಣೇನು?” ಎಂದು ಕೇಳಿದಳು. ಬಿಡುವ ಹಾಗಿಲ್ಲ. ಆ ಮನೆಯಲ್ಲಿ ಅದನ್ನು ಹೇಳುವುದೂ ಬೇಕಿಲ್ಲ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿಕೊಂಡಿತು. ಅದರ 12ನೆಯ ವಿಧಿ, ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ಬಲಿತ ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ. ಒಂದು ವರ್ಷ ಹತ್ತು ತಿಂಗಳ ಒಲ್ಲೆಗೆ ಎಷ್ಟು ತೂಕ? ಬ್ರಶ್ಶನ್ನು ಕಸದ ಬುಟ್ಟಿಗೆ ಹಾಕುವಷ್ಟಂತೂ ಇಲ್ಲ. ಆದರೆ ಸೊನ್ನೆಯೂ ಅಲ್ಲ. ಯಾವಾಗ, ಎಲ್ಲಿ ಕೂತು, ಯಾರ ಕೈಯಿಂದ, ಎಷ್ಟು ಹೊತ್ತು ಎಂಬ ಪ್ರಶ್ನೆಗಳಲ್ಲಿ ಅದಕ್ಕೆ ತೂಕ ಸಿಗಬಹುದು ಎನ್ನಿಸಿತು.

ಹಾಗೆ ಶುರುವಾದದ್ದು ಎಣಿಕೆ. ಅವಳಿಗೆ ಹದಿನಾರು ಹಲ್ಲು. ಹಲ್ಲಿಗೊಂದು ಅಂಕಿ, ನಿಧಾನಕ್ಕೆ, ಹದಿನಾರಕ್ಕೆ ಬ್ರಶ್ ಹೊರಗೆ. ಬಚ್ಚಲು ಬಿಟ್ಟು ಹಾಲಿನ ಚಾಪೆಯ ಮೇಲೆ, ತಲೆ ನನ್ನ ಮಡಿಲಲ್ಲಿ, ಕೈಗಳು ಬಿಡುವಾಗಿ. ಅಕ್ಕಿಕಾಳಿನಷ್ಟೇ ಪೇಸ್ಟು (ಮೂರು ವರ್ಷದ ಒಳಗೆ ಫ್ಲೋರೈಡ್ ಪೇಸ್ಟು ಅಷ್ಟೇ ಇರಬೇಕು, ಅದಕ್ಕಿಂತ ಹೆಚ್ಚಾದರೆ ನುಂಗಿಬಿಡುತ್ತಾರೆ). ದಂತವೈದ್ಯರು ಕೇಳಿದರೆ ಇನ್ನಷ್ಟು ಹೊತ್ತು ತಿಕ್ಕಿ ಅನ್ನುತ್ತಾರೆ, ಗೊತ್ತು. ಮೊದಲು ಅವಳು ನನ್ನ ಹಲ್ಲು ತಿಕ್ಕುತ್ತಾಳೆ, ಆಮೇಲೆ ನಾನು ಅವಳವು.

ಅವಳಿಗೆ ಎಣಿಸಲು ಬರುವುದಿಲ್ಲ. ಆದ್ದರಿಂದ ಮೋಸ ಮಾಡುವುದು ಸುಲಭ. ಒಂದು ಬೆಳಿಗ್ಗೆ ಹಿಂದಿನ ದವಡೆಯಲ್ಲಿ ಅವಲಕ್ಕಿ ಸಿಕ್ಕಿಕೊಂಡಿತ್ತೆಂದು ಹದಿನೈದರ ನಂತರ ಮತ್ತೆ ಹದಿನಾಲ್ಕಕ್ಕೆ ಬಂದೆ. ಕಣ್ಣು ತೆರೆದು ನನ್ನನ್ನು ನೋಡಿದಳು, ಬಾಯಿ ಮುಚ್ಚಿದಳು. ಸಂಖ್ಯೆ ಗೊತ್ತಿಲ್ಲದಿದ್ದರೂ ಹಾಡು ಎಲ್ಲಿ ಮುಗಿಯಬೇಕೆಂಬುದು ಗೊತ್ತಿತ್ತು. ಆ ವಾರವಿಡೀ ಮತ್ತೆ ಗೋಡೆಯ ಕಡೆ ತಿರುಗಿದ ತಲೆ. ಎಣಿಸಲು ಬಾರದವರಿಗೆ ಕೊಟ್ಟ ಮಾತೂ ಮಾತೇ ಎಂದು ಒಪ್ಪಿಕೊಂಡ ಮೇಲೆ ನಾನು ಹದಿನಾರನ್ನು ದಾಟಿಲ್ಲ. ಅವಲಕ್ಕಿ ಉಳಿದರೆ, ನೀರು ಕುಡಿಸಿ, ಹತ್ತು ನಿಮಿಷ ಬಿಟ್ಟು ಹೊಸದಾಗಿ ಕೇಳುತ್ತೇನೆ.

ಕೆಲವು ದಿನ ಈಗಲೂ ಹಿಡಿಯಬೇಕಾಗುತ್ತದೆ. ಹಿಂದಿನ ದವಡೆಗಳು ಒಸಡು ಸೀಳಿಕೊಂಡು ಬರುವ ದಿನಗಳಲ್ಲಿ ಯಾವ ಎಣಿಕೆಯೂ ನಡೆಯುವುದಿಲ್ಲ. ಅಂಥ ರಾತ್ರಿ ಅಕ್ಕ ಕೈ ಹಿಡಿಯುತ್ತಾಳೆ, ನಾನು ತಿಕ್ಕುತ್ತೇನೆ, ಅವಳು ಅಳುತ್ತಾಳೆ. ಈಗ ನಾವು ‘ಆತು’ ಎಂಬ ಮಾತನ್ನು ಮುಗಿದಾಗ ಮಾತ್ರ ಹೇಳುತ್ತೇವೆ. ಆಟ ಎಂದೂ ಹೇಳುವುದಿಲ್ಲ. “ನೀ ಒಲ್ಲೆ ಅಂದಿ, ಕೇಳಿಸ್ತು, ಆದ್ರೂ ತಿಕ್ಕಿದ್ವಿ” ಅಂತಾಳೆ ಅಕ್ಕ, ಕಣ್ಣೊರೆಸುತ್ತ. ಅದರಿಂದ ಮಗುವಿಗೆ ಏನಾಗುತ್ತದೋ, ಅಕ್ಕನ ದನಿಯಂತೂ ಬದಲಾಗಿದೆ.

ನಾಲ್ಕು ದವಡೆಹಲ್ಲು ಪೂರ್ತಿ ಬಂದ ಮೇಲೆ ಎಣಿಕೆ ಇಪ್ಪತ್ತಕ್ಕೆ ಹೋಗಬೇಕು. ಅದನ್ನು ಅವಳಿಗೆ ಮೊದಲೇ ಹೇಗೆ ತಿಳಿಸುವುದು ಎಂದು ಯೋಚಿಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ನನ್ನ ಸರದಿ ಮೊದಲಿತ್ತು. ಗಲ್ಲ ಹಿಡಿದು, ಬ್ರಶ್ಶನ್ನು ಒಸಡಿಗೆ ಒತ್ತಿ, “ಒಂದ, ಎಡ್ಡ, ಒಂದ, ಎಡ್ಡ” ಎಂದು ತಿಕ್ಕತೊಡಗಿದಳು. ನೋವಾಯಿತು. “ಸಾಕವ್ವಾ, ಒಲ್ಲೆ” ಅಂದೆ. ಒಂದು ಗಳಿಗೆ ನಿಲ್ಲಿಸಿ, ನನ್ನ ಮುಖವನ್ನು ಗಮನವಿಟ್ಟು ನೋಡಿ, ಮತ್ತೆ ಒಂದರಿಂದ ಶುರುಮಾಡಿದಳು.