ಅಮಾಸೆ ಕಡಲಿನ ಲೆಕ್ಕ

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಕರ್ಕಾಟಕ ಅಮಾವಾಸ್ಯೆಗೆ ಎರಡರಲ್ಲೂ ಮಿಂದು ವರಾಹಸ್ವಾಮಿಗೆ ಕೈಮುಗಿಯುತ್ತೇವೆ. ಅಮ್ಮ ನನ್ನ ರಟ್ಟೆ ಬಿಡುತ್ತಿರಲಿಲ್ಲ: "ಅಮಾಸಿ ಕಡ್ಲ್ ಮಗಾ, ಎಳಿತ್ತ್."

ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ ಆ ಎಳೆತವನ್ನೇ ಬೋರ್ಡಿನ ಮೇಲೆ ಬರೆದೆ. ದ್ರವ್ಯರಾಶಿಗಳನ್ನು ಗುಣಿಸಿ ದೂರದ ವರ್ಗದಿಂದ ಭಾಗಿಸಿದರೆ, ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 180 ಪಟ್ಟು. ಆದರೂ ಉಬ್ಬರದಲ್ಲಿ ಚಂದ್ರನ ಪಾಲೇ ಇಮ್ಮಡಿಗೂ ಹೆಚ್ಚು! ಭೂಮಿಯ ಈಚೆ ಬದಿಗೂ ಆಚೆ ಬದಿಗೂ ಸೆಳೆತದಲ್ಲಿರುವ ವ್ಯತ್ಯಾಸವೇ ಕಡಲನ್ನು ಏರಿಸುವುದು. ದೂರದ ಘನಕ್ಕೆ ತಕ್ಕಂತೆ ಅದು ಕುಗ್ಗುತ್ತದೆ. ಅಮಾವಾಸ್ಯೆಯಂದು ಇಬ್ಬರೂ ಸೇರಿ ಎಳೆಯುತ್ತಾರೆ.

"ಲೆಕ್ಕ ಗೊತ್ತಿದ್ದೂ ಯಾಕಪ್ಪ ಕೈಮುಗೀತೀರಿ?" ಎಂದಳು ಮಗಳು. ಶನಿಯ ಎಳೆತಕ್ಕೆ ಹೆದರಿ ಕೈಮುಗಿಯುವುದು ತಪ್ಪೇ ಸರಿ. ಅದು ಚಂದ್ರನದರ ಸಾವಿರದಲ್ಲೊಂದು ಪಾಲೂ ಇಲ್ಲ. ಆದರೆ 1687ರಲ್ಲಿ ನಿಯಮ ಕೊಟ್ಟ ನ್ಯೂಟನ್ ಕೂಡ ಗುರುತ್ವದ ಕಾರಣ ಹೇಳಲಿಲ್ಲ. ಎಷ್ಟು ಎಂಬುದನ್ನು ಲೆಕ್ಕ ಹೇಳುತ್ತದೆ. ಏಕೆ ಎಂಬಲ್ಲಿಗೆ ಬಂದಾಗ ನನ್ನ ಕೈಗಳು ತಾವಾಗಿ ಕೂಡುತ್ತವೆ. ಅದು ಭಯವಲ್ಲ, ಭಕ್ತಿಯೇ.

ಈ ಸಲ ಮೀಯಲು ಬರುವವರು ಮಕ್ಕಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳಿ.