ಕಪ್ಪೆಯ ಕಾಲು ಎಲ್ಲಿ ಹೋಯ್ತು?

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮೂರು ಕಪ್ಪೆಗಳಿದ್ದವು. ಗಾಬರಿಯಾಗಬೇಡಿ, ಮೆತ್ತನೆ ಪ್ಲಾಸ್ಟಿಕ್ಕಿನವು. ಕೊಕ್ಕೆಗೆ ಸಿಕ್ಕಿಸಿ ನೀರಿನ ಮೇಲೆ ಎಳೆದರೆ ಥೇಟ್ ಜೀವಂತ ಕಪ್ಪೆ. ಜೊಂಡಿನ ಸಂದಿಯಲ್ಲಿ ಹೊಂಚು ಹಾಕಿದ ಮರಲ್ ಮೀನು ನಂಬಿ ಬಾಯಿ ಹಾಕುತ್ತದೆ. ಗಾಳ ಹಾಕೋದು ನನ್ನ ವೀಕೆಂಡ್ ಹುಚ್ಚು.

ಬಸವಕಲ್ಯಾಣದ ಕಡೆಯ ಒಂದು ಕೆರೆಯಲ್ಲಿ ಮೀನು ಕಚ್ಚಿತು, ಒದರಿಕೊಂಡು ಹೋಯ್ತು. ಎಳೆದು ನೋಡಿದರೆ ಕಪ್ಪೆಯ ಹೊಟ್ಟೆ ಹರಿದಿತ್ತು, ಒಂದು ಕಾಲು ಮಾಯ. ಸಂಜೆ ಹುಮನಾಬಾದಿನಲ್ಲಿ ಅದನ್ನು ಕಸಕ್ಕೆ ಹಾಕಲು ಹೊರಟೆ. ಕಾಕಾ ತಡೆದರು. ಅವರದು ಹೈವೇ ಪಕ್ಕ ಪಂಕ್ಚರ್ ಅಂಗಡಿ.

"ಯಾಕ ಒಗಿತಿ? ತಾ ಇಲ್ಲಿ."

ಹಳೇ ಚಾಕುವನ್ನು ಒಲೆಯ ಮೇಲೆ ಕಾಯಿಸಿ, ಹರಿದ ಎರಡು ಅಂಚುಗಳ ನಡುವೆ ಇಟ್ಟರು. ಎರಡೂ ಕಡೆ ಕರಗುತ್ತಿದ್ದಂತೆ ಚಾಕು ತೆಗೆದು, ಅಂಚು ಕೂಡಿಸಿ, ಆರುವವರೆಗೆ ಹಿಡಿದುಕೊಂಡರು. ಸೂಪರ್ ಗ್ಲೂ ಹಾಕಬಹುದಿತ್ತು, ಆದರೆ ಅಂಟಿದ ಜಾಗ ಗಟ್ಟಿಯಾಗಿ ಬಳುಕು ಹೋಗುತ್ತದೆ. ನೇರ ಬೆಂಕಿಗೆ ಹಿಡಿದರೆ ಕಪ್ಪಾಗುತ್ತದೆ. ಇದು ಮೆತ್ತಗಾಗಲು ಎಣ್ಣೆಯಂಥ ರಾಸಾಯನಿಕ ಬೆರೆಸಿದ ಪಿವಿಸಿ, ಹೊಗೆ ಒಳ್ಳೆಯದಲ್ಲ. ಅದಕ್ಕೇ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತಿದ್ದೆವು. ಎರಡೇ ನಿಮಿಷ. ಹೊಟ್ಟೆ ಕೂಡಿತು.

ನಾನು ಖುಷಿಯಾಗಬೇಕಿತ್ತು. ಆದರೆ ಕಾಕಾನ ಕೊರಳಲ್ಲಿದ್ದ ಲಿಂಗದ ಕರಡಿಗೆ ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ಮೀನು ಮುಟ್ಟದ ಮನುಷ್ಯ ಮೀನಿಗೆ ಮೋಸ ಮಾಡುವ ಸಾಮಾನು ರಿಪೇರಿ ಮಾಡುತ್ತಿದ್ದಾರೆ!

ನಾವೆಲ್ಲ ರಿಪೇರಿ ಅಂದರೆ ಪುಣ್ಯದ ಕೆಲಸ ಅಂದುಕೊಂಡಿದ್ದೇವೆ. ಫೋನು ಬಿಸಾಡದೆ ಸರಿಮಾಡಿಸಿದರೆ ಸ್ಟೇಟಸ್ ಹಾಕುತ್ತೇವೆ. ಆದರೆ ಏನನ್ನು ಸರಿಮಾಡುತ್ತಿದ್ದೇವೆ ಅಂತ ಕೇಳುವುದಿಲ್ಲ. ಪಂಕ್ಚರ್ ತಿದ್ದಿದರೆ ಯಾರದೋ ಪ್ರಯಾಣ ಮುಂದುವರಿಯುತ್ತದೆ. ಕಪ್ಪೆ ತಿದ್ದಿದರೆ ಒಂದು ಸುಳ್ಳು ಮುಂದುವರಿಯುತ್ತದೆ. ಕೈಚಳಕ ಒಂದೇ, ಫಲ ಬೇರೆ. ಹಾಗಾದರೆ ರಿಪೇರಿ ಎಲ್ಲಿ ಒಳ್ಳೆಯದಾಯ್ತು?

ಕಾಕಾನನ್ನೇ ಕೇಳಿದೆ. ಅವರು ತಿರುಗಿ ಕೇಳಿದರು: "ಇದರ ಕಾಲು ಎಲ್ಲದ?"

"ಕೆರ್‍ಯಾಗ ಇರಬೇಕು. ಇಲ್ಲಾ ಮೀನಿನ ಹೊಟ್ಟ್ಯಾಗ."

"ನೀ ಹೆಂಗೂ ಹಿಡಿಯಾವನೇ. ನಾ ಬ್ಯಾಡಂದ್ರ ಬಿಡ್ತೀಯೇನು? ಹರದದ್ದು ಮತ್ತ ನೀರಾಗ ಉದುರೋದು ಬ್ಯಾಡ ಅಂತ ಹಚ್ಚೀನಿ."

ನಾನು ನೋಡಿದ್ದು ಕೈಯಲ್ಲಿ ಉಳಿದ ಕಪ್ಪೆ. ಅವರು ನೋಡಿದ್ದು ಇಲ್ಲದ ಕಾಲು. ಹಿಡಿದ ಮೀನನ್ನು ತಿನ್ನುತ್ತೇನೆ, ಆ ಲೆಕ್ಕ ಹೇಗೋ ಕೂಡಿಸಿಕೊಳ್ಳಬಲ್ಲೆ. ತಪ್ಪಿಸಿಕೊಂಡ ಮೀನಿನ ಹೊಟ್ಟೆಯಲ್ಲಿ ಜೀರ್ಣವಾಗದ ಪ್ಲಾಸ್ಟಿಕ್ ಉಳಿದರೆ ಅದು ಯಾರ ಊಟ? ಅಮೆರಿಕದ ಮೇನ್ ರಾಜ್ಯದಲ್ಲಿ 2013ರಲ್ಲಿ ಇಂಥ ರಬ್ಬರ್ ಆಮಿಷಗಳನ್ನು ನಿಷೇಧಿಸುವ ಮಸೂದೆಯನ್ನೇ ತಂದಿದ್ದರು. ಅಷ್ಟು ದೂರದ ಚರ್ಚೆ ನಮ್ಮನೆ ಅಂಗಳದಲ್ಲಿ ಎರಡು ಮಾತಿನಲ್ಲಿ ಮುಗಿದಿತ್ತು.

ಮರುದಿನ ಕಲ್ಯಾಣದಲ್ಲಿ ಹರಳಯ್ಯನ ಗವಿಗೆ ಹೋದೆವು. ಕಥೆ ನಿಮಗೆ ಗೊತ್ತಿರಬಹುದು. ಚಪ್ಪಲಿ ಹೊಲಿಯುವ ಹರಳಯ್ಯ 'ಶರಣು' ಅಂದ. ಬಸವಣ್ಣ 'ಶರಣು ಶರಣಾರ್ಥಿ' ಅಂದ. ಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚು ಬಂತು. ಆ ಋಣ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದಲೇ ಚಪ್ಪಲಿ ಮಾಡಿದರಂತೆ. ನನಗೆ ಅಲ್ಲಿ ಕಂಡದ್ದು ತ್ಯಾಗಕ್ಕಿಂತ ಲೆಕ್ಕ: ಒಂದು ಮಾತಿನ ಬಾಕಿಯನ್ನೂ ಮರೆಯದ ಲೆಕ್ಕ. ನಾನೋ ಕೆರೆಯಿಂದ ಎಷ್ಟೋ ಭಾನುವಾರ ಪಡೆದಿದ್ದೇನೆ, ವಾಪಸ್ ಕೊಟ್ಟದ್ದು ಪ್ಲಾಸ್ಟಿಕ್ ಕಾಲು.

ಮೋಸದ ಪ್ರಶ್ನೆ ನನಗಿನ್ನೂ ಬಗೆಹರಿದಿಲ್ಲ. ಗಾಳ ಬಿಟ್ಟಿಲ್ಲ, ಸುಳ್ಳೇಕೆ ಹೇಳಲಿ? ಆದರೆ ಈಗ ಕಪ್ಪೆಗಳನ್ನು ಎಣಿಸಿಕೊಂಡು ಹೋಗುತ್ತೇನೆ, ಎಣಿಸಿಕೊಂಡು ಬರುತ್ತೇನೆ. ಸಣ್ಣ ಬಿರುಕು ಕಂಡರೆ ನೀರಿಗೆ ಹಾಕುವ ಮೊದಲೇ ಬೆಸೆಯುತ್ತೇನೆ. ದಡದಲ್ಲಿ ಬೇರೆಯವರ ತುಂಡು ಸಿಕ್ಕರೂ ಎತ್ತಿಟ್ಟುಕೊಳ್ಳುತ್ತೇನೆ.

ಆ ಒಂದು ಕಾಲು ಮಾತ್ರ ಸಿಕ್ಕಿಲ್ಲ.